ಅದೇ ಲೆಕ್ಕ, ನಲವತ್ತು ವರ್ಷ

ಮೊನ್ನೆ ತಂಗಿ ಮಗ ತನ್ನ ಲ್ಯಾಬಿನ ಪೈಥಾನ್ ಪ್ರೋಗ್ರಾಂ ತೋರಿಸಿದ. "ಮಾಮ, ನೋಡಿ, ಒಂದೇ ಸಾಲಲ್ಲಿ ಸಾವಿರ ಸಮೀಕರಣ ಬಿಡಿಸಿಬಿಟ್ಟೆ!" ಬಿಡಿಸಿದ್ದು ನೀನಲ್ಲ ಕಣೋ, ನಿನ್ನ ನಮ್‌ಪೈ ಒಳಗೆ ಕೂತಿರೋ ಲಾಪ್ಯಾಕ್ ಅಂದೆ. ಅದ್ಯಾರು ಅಂದ! ಅವನ ತಪ್ಪಲ್ಲ ಬಿಡಿ, ಯಾರೂ ಹೇಳಿಕೊಟ್ಟಿಲ್ಲ.

ನಮ್‌ಪೈ ಅಂದರೆ ಪೈಥಾನಿನಲ್ಲಿ ಅಂಕಿ ಲೆಕ್ಕಕ್ಕೆ ಬಳಸೋ ಲೈಬ್ರರಿ; ಅದು ಒಳಗೊಳಗೇ ಕರೆಯೋ, ಸಮೀಕರಣ ಬಿಡಿಸೋ ಸಿದ್ಧ ಕೋಡಿನ ಕಟ್ಟೇ ಲಾಪ್ಯಾಕ್. ಅದು ಒಬ್ಬರ ಕೆಲಸ ಅಲ್ಲ, ದೊಡ್ಡ ತಂಡದ್ದು. ಆದರೆ ಆ ಕಥೆ ಹೇಳಬೇಕಾದರೆ ಜ್ಯಾಕ್ ಡೊಂಗಾರಾ ಅವರನ್ನು ಬಿಟ್ಟು ಹೇಳೋಕಾಗಲ್ಲ. ಶಿಕಾಗೋದವರು. ಹೈಸ್ಕೂಲಲ್ಲಿ ವಿಜ್ಞಾನದ ಮೇಷ್ಟ್ರಾಗಬೇಕು ಅಂತಿದ್ದವರು ಒಂದು ಸೆಮಿಸ್ಟರ್ ಮಟ್ಟಿಗೆ ಆರ್ಗಾನ್ ಅನ್ನೋ ಅಮೆರಿಕದ ರಾಷ್ಟ್ರೀಯ ಪ್ರಯೋಗಾಲಯಕ್ಕೆ ಹೋದರು, ಅಲ್ಲೇ ಕಂಪ್ಯೂಟರ್ ಹುಚ್ಚು ಹಿಡಿಯಿತು. 1979ರಲ್ಲಿ, ಇನ್ನೂ ಪಿಎಚ್‌ಡಿ ಕೈಗೆ ಬರುವ ಮೊದಲೇ, ಲಾಪ್ಯಾಕಿಗಿಂತ ಮೊದಲಿದ್ದ ಲಿನ್‌ಪ್ಯಾಕ್ ಅನ್ನೋ ಲೈಬ್ರರಿಯ ಕೈಪಿಡಿಯ ಕೊನೆಯಲ್ಲಿ ಒಂದು ಪಟ್ಟಿ ಸೇರಿಸಿದರು: ನೂರು ಸಮೀಕರಣ ಬಿಡಿಸೋಕೆ ಯಾವ ಮೆಷಿನ್ನಿಗೆ ಎಷ್ಟು ಹೊತ್ತು ಬೇಕು ಅಂತ. ಜಗತ್ತಿನ ಸೂಪರ್‌ಕಂಪ್ಯೂಟರ್‌ಗಳಿಗೆ ರ‍್ಯಾಂಕ್ ಕೊಡೋ ಟಾಪ್500 ಪಟ್ಟಿ 1993ರಲ್ಲಿ ಶುರುವಾಗಿದ್ದು ಇದೇ ಅಳತೆಗೋಲು ಹಿಡಿದು.

ಜನಕ್ಕೆ ಗೊತ್ತಿರೋದು ಆ ಪಟ್ಟಿ. ನನಗೆ ದೊಡ್ಡದು ಅನಿಸೋದು ಅದಲ್ಲ. ಲಿನ್‌ಪ್ಯಾಕ್ ಚೆನ್ನಾಗೇ ಓಡುತ್ತಿತ್ತು, ಆದರೆ ಆಮೇಲೆ ಬಂದ ಪ್ರೊಸೆಸರ್‌ಗಳು ಓಡಿದಷ್ಟು ಬೇಗ ಮೆಮೊರಿ ಓಡಲಿಲ್ಲ, ಒಗ್ಗರಣೆಗೆ ನಿಂತವರು ಒಂದೊಂದು ಸಾಸಿವೆ ಕಾಳಿಗೂ ಅಂಗಡಿಗೆ ಹೋಗಿ ಬಂದ ಹಾಗಾಯಿತು. ಸರಿ, ಸಮೀಕರಣಗಳ ಅಂಕಿಗಳನ್ನು ಸಾಲು ಸಾಲಾಗಿ ಜೋಡಿಸಿದ ಮ್ಯಾಟ್ರಿಕ್ಸನ್ನು ತುಂಡು ತುಂಡಾಗಿ ಒಳಗೆ ತಂದುಕೊಂಡು, ತಂದಷ್ಟರಲ್ಲಿ ಆದಷ್ಟೂ ಕೆಲಸ ಮುಗಿಸೋ ಹಾಗೆ ಎಲ್ಲ ಮತ್ತೆ ಬರೆದರು. ಅದೇ ಲಾಪ್ಯಾಕ್, 1992. ಸಾವಿರಾರು ಪ್ರೊಸೆಸರ್ ಜೋಡಿಸೋ ಕಾಲ ಬಂತು, ಅದಕ್ಕೆ ಸ್ಕಾಲಾಪ್ಯಾಕ್ ಅನ್ನೋ ಲೈಬ್ರರಿ. ಚಿತ್ರ ತೋರಿಸೋಕೆ ಹುಟ್ಟಿದ ಜಿಪಿಯು ಚಿಪ್ ಲೆಕ್ಕಕ್ಕೂ ಬಂತು, ಅದಕ್ಕೆ ಮ್ಯಾಗ್ಮಾ. ಲೆಕ್ಕ ಮಾತ್ರ ಅದೇ!

ಇನ್ನೊಂದು ಮಾತು. 2022ರಲ್ಲಿ ಅಮೆರಿಕದ ಫ್ರಾಂಟಿಯರ್ ಸೂಪರ್‌ಕಂಪ್ಯೂಟರ್ ಟಾಪ್500 ಪಟ್ಟಿಯಲ್ಲಿ ಮೊದಲ ಬಾರಿಗೆ ಒಂದು ಎಕ್ಸಾಫ್ಲಾಪ್ ದಾಟಿತು, ಅಂದರೆ ಸೆಕೆಂಡಿಗೆ ಒಂದರ ಮುಂದೆ 18 ಸೊನ್ನೆಯಷ್ಟು ಲೆಕ್ಕ. ಮೆಮೊರಿಯಿಂದ ಅಂಕಿ ತರೋ ವೇಗವನ್ನೂ ಪರೀಕ್ಷಿಸೋ ಎಚ್‌ಪಿಸಿಜಿ ಅನ್ನೋ ಇನ್ನೊಂದು ಪರೀಕ್ಷೆಯಲ್ಲಿ ಅದೇ ಮೆಷಿನ್ ತೋರಿಸಿದ್ದು ಅದರ ನೂರಕ್ಕೆ ಒಂದೂವರೆ ಪಾಲೂ ಇಲ್ಲ. ಈ ಪರೀಕ್ಷೆ ಕಟ್ಟಿದವರಲ್ಲೂ ಡೊಂಗಾರಾ ಇದ್ದಾರೆ. ತಾನೇ ಕೊಟ್ಟ ಅಳತೆಗೋಲು ಸಾಲದು ಅಂತ ತಾನೇ ತೋರಿಸೋಕೆ ಗಟ್ಟಿ ಗುಂಡಿಗೆ ಬೇಕು, ಅಲ್ವಾ?

ನಾನು ಹಿಂದೆ ಇದ್ದ ಕಡೆ ಹೀಗೆ ಲೈಬ್ರರಿ ಬರೆದು, ಬಗ್ ಸರಿ ಮಾಡ್ತಾ ಕೂತವರಿಗೆ "ಪೇಪರ್ ಎಷ್ಟು?" ಅಂತ ಕೇಳುತ್ತಿದ್ದರು. ಕೋಡ್ ಲೆಕ್ಕಕ್ಕೇ ಇಲ್ಲ. ಡೊಂಗಾರಾ ಅವರಿಗೆ ಕಂಪ್ಯೂಟರ್ ಲೋಕದ ನೊಬೆಲ್ ಅನ್ನೋ ಟ್ಯೂರಿಂಗ್ ಪ್ರಶಸ್ತಿ, 2021ರದ್ದು, ಬಂದಿದ್ದು ಮುಖ್ಯವಾಗಿ ಇಂಥ ಲೈಬ್ರರಿ ಕೆಲಸಕ್ಕೇ. ಸುದ್ದಿ ಓದಿದ ದಿನ ನನಗೆ ಸ್ವಲ್ಪ ಹೊಟ್ಟೆ ತಣ್ಣಗಾಯಿತು, ಸುಳ್ಳು ಯಾಕೆ ಹೇಳಲಿ.

ಹುಡುಗನ ಕೈಲಿ ನಮ್‌ಪೈ ಕಾನ್ಫಿಗ್, ಅಂದರೆ ಅದು ಒಳಗೆ ಯಾವ ಲೈಬ್ರರಿ ಬಳಸುತ್ತೆ ಅನ್ನೋ ವಿವರ, ತೆಗೆಸಿದೆ. ಮ್ಯಾಟ್ರಿಕ್ಸಿನ ಮೂಲ ಲೆಕ್ಕ ಮಾಡೋ ಬ್ಲಾಸ್, ಅದರ ಕೆಳಗೇ ಲಾಪ್ಯಾಕ್. "ಮಾಮ, ಇಲ್ಲೇ ಇತ್ತಾ ಇದು?" ಅಂದ.