ಪಾವಿಯಾದ ನೆಲಮಾಳಿಗೆಯಲ್ಲಿರುವ ಮಂತ್ರಿ

“ಇಷ್ಟೇನಾ?”

ಊರಿಂದ ಬಂದ ನೆಂಟರನ್ನು ಇಟಲಿಯ ಪಾವಿಯಾದ ಸಾನ್ ಪಿಯೆತ್ರೊ ಇನ್ ಚೆಲ್ ದೋರೊ ಚರ್ಚಿನ ನೆಲಮಾಳಿಗೆಗೆ ಇಳಿಸಿದರೆ ಬಾಯಿಂದ ಬರುವುದು ಇದೇ ಮಾತು. ಮೇಲೆ ಸಂತ ಅಗಸ್ಟೀನನ ಸಮಾಧಿಯಿದೆ, 14ನೇ ಶತಮಾನದ ಅಮೃತಶಿಲೆಯ ಕೆತ್ತನೆ, ಅದರ ಮುಂದೆ ಎಲ್ಲರೂ ನಿಲ್ಲುತ್ತಾರೆ. ಕೆಳಗಿನ ಸಮಾಧಿಯಲ್ಲಿ ಬೊಯೆಥಿಯಸ್ ಇದ್ದಾನೆ, 6ನೇ ಶತಮಾನದ ರೋಮನ್ ಮಂತ್ರಿ, ತತ್ತ್ವಜ್ಞಾನಿ. “ಅಷ್ಟು ದೊಡ್ಡ ಮನುಷ್ಯ ಅಂತೀಯಲ್ಲ ಮಾರಾಯ, ಒಂದು ಫೋಟೊ ಹೊಡ್ಕೊಳ್ಳೋಕೂ ಏನೂ ಇಲ್ವಲ್ಲ?”

ಚುರುಕ್ ಅನ್ನುತ್ತದೆ. ದೊಡ್ಡವರನ್ನು ನಾವು ಊರಲ್ಲಿ ಅಳೆಯುವುದೇ ಹಾಗೆ. ಒಂದು ವೃತ್ತ ಬೇಕು, ವೃತ್ತದ ನಡುವೆ ಪುತ್ಥಳಿ ಬೇಕು, ವರ್ಷಕ್ಕೊಮ್ಮೆ ಏಣಿ ಇಟ್ಟು ಹಾಕುವ ಹಾರ ಬೇಕು, ರಜೆಯೂ ಸಿಕ್ಕಿದರೆ ಆ ಮಹನೀಯರ ಬಗ್ಗೆ ಯಾರದೂ ತಕರಾರಿಲ್ಲ. ಅವರು ಬರೆದದ್ದನ್ನು ಓದಿದವರು ಎಷ್ಟು ಜನ ಎಂದು ಆ ದಿನ ಕೇಳುವವನು ಮಾತ್ರ ಅಧಿಕಪ್ರಸಂಗಿ. ಯುರೋಪಿನವರು ಈ ರೋಮನ್ ಮಂತ್ರಿಯನ್ನು ಬೇರೆ ಥರ ಇಟ್ಟುಕೊಂಡರು. ಅದು ನನಗೆ ಮೆಚ್ಚಿಗೆ.

ಅವನು ಹುಟ್ಟಿದ್ದು 480ರ ಆಸುಪಾಸಿನಲ್ಲಿ. ಪಶ್ಚಿಮ ರೋಮಿನ ಕೊನೆಯ ಚಕ್ರವರ್ತಿಯನ್ನು 476ರಲ್ಲೇ ಇಳಿಸಿಯಾಗಿತ್ತು. ತಂದೆ 487ರಲ್ಲಿ ಕಾನ್ಸಲ್, ಅಂದರೆ ಆ ವರ್ಷದ ಮಟ್ಟಿಗೆ ರೋಮಿನ ಅತಿ ದೊಡ್ಡ ಗೌರವದ ಹುದ್ದೆಯಲ್ಲಿ ಇದ್ದವನು, ಮಗ ಚಿಕ್ಕವನಿದ್ದಾಗಲೇ ತೀರಿಕೊಂಡ. ಸಿಮ್ಮಾಕಸ್ ಎಂಬ ಹಿರಿಯ ಸೆನೆಟರ್ ಹುಡುಗನನ್ನು ಸಾಕಿ, ಮಗಳು ರಸ್ಟಿಷಿಯಾನಾಳನ್ನು ಕೊಟ್ಟು ಅಳಿಯನನ್ನಾಗಿ ಮಾಡಿಕೊಂಡ. 493ರಿಂದ ಇಟಲಿಯನ್ನು ಆಳುತ್ತಿದ್ದವನು ಗಾಥರೆಂಬ ಜರ್ಮನ್ ಬುಡಕಟ್ಟಿನ ದೊರೆ ಥಿಯೊಡೊರಿಕ್. ಸೆನೆಟ್ ರೋಮಿನಲ್ಲೇ ಇತ್ತು, ಅಧಿಕಾರ ದೊರೆಯ ರಾಜಧಾನಿ ರವೆನ್ನಾದಲ್ಲಿ. ಬೊಯೆಥಿಯಸ್ 510ರಲ್ಲಿ ಕಾನ್ಸಲ್ ಆದ. 522ರಲ್ಲಿ ಇಬ್ಬರು ಗಂಡುಮಕ್ಕಳೂ ಒಟ್ಟಿಗೆ ಕಾನ್ಸಲ್ ಆದಾಗ, ರಥದ ಪಂದ್ಯ ನಡೆಯುವ ಸರ್ಕಸ್ ಮೈದಾನದಲ್ಲಿ ಇಬ್ಬರ ಮಧ್ಯೆ ಕೂತು ಜನರಿಗೆ ಕಾಣಿಕೆ ಹಂಚಿದ. ಸುಮಾರು ಅದೇ ಹೊತ್ತಿಗೆ ದೊರೆಯ ಕಚೇರಿಗಳಿಗೆಲ್ಲ ಮುಖ್ಯಸ್ಥನೂ ಆದ.

ಅರಮನೆ ಇವನಿಗೆ ಎಂಥ ಕೆಲಸ ಹೇಳುತ್ತಿತ್ತು ಎಂಬುದಕ್ಕೆ ಪತ್ರಗಳು ಉಳಿದಿವೆ, ದೊರೆಯ ಹೆಸರಿನಲ್ಲಿ ಅರಮನೆಯ ಅಧಿಕಾರಿ ಕ್ಯಾಸಿಯೊಡೋರಸ್ ಬರೆದವು. ಕಾವಲು ಪಡೆಯವರ ಸಂಬಳದ ಚಿನ್ನದ ನಾಣ್ಯ ತೂಕದಲ್ಲಿ ಕಡಿಮೆ ಬರುತ್ತಿದೆಯಂತೆ, ಲೆಕ್ಕ ಬಲ್ಲವನು ನೀನು, ವಿಚಾರಿಸು ಎನ್ನುತ್ತದೆ ಒಂದು. ಆ ನಾಣ್ಯ ಪೌಂಡಿಗೆ 72ರಂತೆ ಬರಬೇಕಾದದ್ದು, ಅಂಚು ಕೆರೆದರೂ ಸಾಕು, ಸಿಪಾಯಿಯ ಹೊಟ್ಟೆಗೆ ಹೊಡೆತ. ಬರ್ಗಂಡಿಯ ದೊರೆಗೆ ಒಂದು ನೀರಿನ ಗಡಿಯಾರ, ಒಂದು ನೆರಳಿನ ಗಡಿಯಾರ ಮಾಡಿಸಿಕೊಡು ಎನ್ನುತ್ತದೆ ಇನ್ನೊಂದು. ಫ್ರಾಂಕರ ದೊರೆ ಕ್ಲೋವಿಸ್ ತಂತಿವಾದ್ಯ ನುಡಿಸುವವನನ್ನು ಕೇಳಿದ್ದಾನೆ, ಒಳ್ಳೆಯವನನ್ನು ಆರಿಸು ಎನ್ನುತ್ತದೆ ಮತ್ತೊಂದು. ತತ್ತ್ವಜ್ಞಾನಿ ಎಂದರೆ ಗಡ್ಡ ನೀವಿಕೊಂಡು ಕೂತವನು ಎಂಬ ಚಿತ್ರ ತಲೆಯಲ್ಲಿದ್ದರೆ ಇಲ್ಲಿಗೆ ಅಳಿಸಿಬಿಡಬಹುದು.

ಅವನ ನಿಜವಾದ ಕೆಲಸ ಮೇಜಿನ ಮೇಲಿನದು. ಇಟಲಿಯಲ್ಲಿ ಗ್ರೀಕ್ ಬಲ್ಲವರು ಕಡಿಮೆಯಾಗುತ್ತಿದ್ದರು. ಪ್ಲೇಟೊ ಮತ್ತು ಅರಿಸ್ಟಾಟಲ್ ಬರೆದದ್ದನ್ನೆಲ್ಲ ಲ್ಯಾಟಿನ್ನಿಗೆ ತಂದು, ಟೀಕು ಬರೆದು, ಇಬ್ಬರೂ ಮುಖ್ಯ ವಿಷಯಗಳಲ್ಲಿ ಒಂದೇ ಮಾತು ಹೇಳುತ್ತಾರೆಂದು ತೋರಿಸುವುದು ಅವನ ಸಂಕಲ್ಪ. ಶುರು ಮಾಡಿದ್ದು ತರ್ಕದಿಂದ. ಅರಿಸ್ಟಾಟಲನ ತರ್ಕಕ್ಕೆ ಪೋರ್ಫಿರಿ ಎಂಬ ತತ್ತ್ವಜ್ಞಾನಿ ಗ್ರೀಕಿನಲ್ಲಿ ಬರೆದ ಒಂದು ಪ್ರವೇಶ ಪುಸ್ತಕವಿದೆ, ಆ ಶಾಸ್ತ್ರಕ್ಕೆ ಅದೇ ಮಗ್ಗಿ. ಬೊಯೆಥಿಯಸ್ ಮೊದಲು ಅದಕ್ಕೆ ಒಂದು ಸಂವಾದದ ಟೀಕು ಬರೆದ: ಚಳಿಗಾಲ, ಬೆಟ್ಟದ ಮೇಲೊಂದು ಬಿಡಾರ, ನಿದ್ದೆ ಬಾರದ ರಾತ್ರಿ, ಫೇಬಿಯಸ್ ಎಂಬ ಗೆಳೆಯ ಕೇಳುತ್ತಾ ಹೋಗುತ್ತಾನೆ. ಆಧಾರಕ್ಕೆ ಹಿಡಿದದ್ದು ವಿಕ್ಟೊರೀನಸ್ ಎಂಬ ಹಿಂದಿನವನ ಲ್ಯಾಟಿನ್ ಅನುವಾದ. ಟೀಕು ಮುಂದುವರಿದಂತೆ ಅನುವಾದವೇ ಅಲ್ಲಲ್ಲಿ ತಪ್ಪಿರುವುದು ಕಂಡಿತು. ಬೇರೆ ಯಾರಾದರೂ ಅಡಿಟಿಪ್ಪಣಿ ಹಾಕಿ ಮುಂದೆ ಹೋಗುತ್ತಿದ್ದರು. ಇವನು ಗ್ರೀಕಿನಿಂದ ತಾನೇ ಮತ್ತೆ ಅನುವಾದಿಸಿ, ಅದಕ್ಕೆ ಐದು ಭಾಗಗಳ ಹೊಸ ಟೀಕು ಬರೆದ. ಮುಂದೆ ವಾಕ್ಯಾರ್ಥದ ಬಗೆಗಿನ ಅರಿಸ್ಟಾಟಲನ ಗ್ರಂಥಕ್ಕೂ ಎರಡು ಟೀಕು: ಹೊಸಬರಿಗೆ ಚಿಕ್ಕದು, ಪಳಗಿದವರಿಗೆ ಆರು ಭಾಗಗಳ ದೊಡ್ಡದು. ಅನುವಾದ ಚಂದ ಕಾಣಲೆಂದು ಒಂದು ಪದವನ್ನೂ ಆಚೀಚೆ ಮಾಡಲಿಲ್ಲ. ಲ್ಯಾಟಿನ್ ಗಂಟುಗಂಟಾಯಿತು, ಅರ್ಥ ಜಾರಲಿಲ್ಲ.

12ನೇ ಶತಮಾನದಲ್ಲಿ ಅರಿಸ್ಟಾಟಲನ ಉಳಿದ ಕೃತಿಗಳು ಬಂದು ಸೇರುವವರೆಗೆ ಲ್ಯಾಟಿನ್ ಯುರೋಪಿನ ತರ್ಕದ ಪಾಠವೆಂದರೆ ಮುಖ್ಯವಾಗಿ ಇವನ ಅನುವಾದ, ಟೀಕುಗಳ ಈ ಕಟ್ಟೇ. ಆರುನೂರು ವರ್ಷ ಮಠದ ಹುಡುಗರು ಇದನ್ನು ನಕಲು ಮಾಡಿದರು, ಅಂಚಿನಲ್ಲಿ ಟಿಪ್ಪಣಿ ಗೀಚಿದರು, ಇವನ ಜೊತೆ ಜಗಳ ಆಡಿದರು. ನಾನು ಹೇಳುವ ವ್ಯತ್ಯಾಸ ಇದು. ನಾವು ಮುಖ ಇಟ್ಟುಕೊಳ್ಳುತ್ತೇವೆ, ಅವರು ಪಾಠ ಇಟ್ಟುಕೊಂಡರು.

ಪಾಠ ಇಟ್ಟುಕೊಂಡದ್ದರ ಲಾಭ ನೋಡಬೇಕಾದರೆ ಅವನ ಸಂಗೀತದ ಪುಸ್ತಕ ತೆರೆಯಿರಿ. ವೀಣೆ ಕಲಿತವರಿಗೆ ವಿಷಯ ಪರಿಚಿತ: ತಂತಿಯ ಅರ್ಧ ಮಿಡಿದರೆ ಮೇಲಿನ ಷಡ್ಜ, ಮೂರರಲ್ಲಿ ಎರಡು ಪಾಲು ಮಿಡಿದರೆ ಪಂಚಮ, ನಾಲ್ಕರಲ್ಲಿ ಮೂರು ಪಾಲಿಗೆ ಮಧ್ಯಮ, ಪಂಚಮಕ್ಕೂ ಮಧ್ಯಮಕ್ಕೂ ನಡುವಿನ ಅಂತರ 9ಕ್ಕೆ 8. ಇಷ್ಟೂ ಸರಿ. ಆದರೆ ಇದನ್ನು ಪೈಥಾಗೊರಸ್ ಕಮ್ಮಾರನ ಅಂಗಡಿಯಲ್ಲಿ ಕಂಡುಕೊಂಡ ಎಂಬ ಹಳೆಯ ಕಥೆಯನ್ನೂ ಅವನು ಹಾಗೇ ಇಳಿಸಿಕೊಂಡ: ಸುತ್ತಿಗೆಗಳ ತೂಕ 12, 9, 8, 6 ಇದ್ದವಂತೆ, ಆದ್ದರಿಂದ ಸ್ವರಗಳೂ ಅದೇ ಪ್ರಮಾಣದಲ್ಲಿ ಕೂಡಿದವಂತೆ. ಸುತ್ತಿಗೆ ಹಾಗೆ ನುಡಿಯುವುದಿಲ್ಲ. ತಂತಿಗೆ ತೂಕ ನೇತುಹಾಕಿದರೂ ಈ ಲೆಕ್ಕ ಕೂಡುವುದಿಲ್ಲ, ಮೇಲಿನ ಷಡ್ಜ ಬೇಕಾದರೆ ತೂಕ ಎರಡು ಪಟ್ಟು ಸಾಲದು, ನಾಲ್ಕು ಪಟ್ಟು ಬೇಕು. ಸಾವಿರ ವರ್ಷ ಈ ತಪ್ಪು ಗುರುವಿನಿಂದ ಶಿಷ್ಯನಿಗೆ ದಾಟಿತು. 16ನೇ ಶತಮಾನದ ಕೊನೆಗೆ ಗೆಲಿಲಿಯೊನ ತಂದೆ, ತಾನೂ ವಾದ್ಯಗಾರನಾಗಿದ್ದ ವಿನ್ಚೆನ್ಜೊ ಗೆಲಿಲೇಯಿ, ತೂಕ ಕಟ್ಟಿ ಮಿಡಿದು ನೋಡಿ ಸುಳ್ಳೆಂದ. ಹಿಡಿಯಲು ತಡವಾಯಿತು, ಒಪ್ಪುತ್ತೇನೆ. ಆದರೆ ಬಳಕೆಯಲ್ಲಿದ್ದ ಪುಸ್ತಕವಾದ್ದರಿಂದ ತಪ್ಪು ಸಿಕ್ಕಿತು. ಪುತ್ಥಳಿಯಲ್ಲಿ ಯಾರು ಏನು ತಪ್ಪು ಹಿಡಿಯಲಾದೀತು? ಹಿಡಿದವನಿಗೆ ಊರಲ್ಲಿ ಏನು ಕಾದಿರುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ.

ಇನ್ನು ಅವನು ಬಿದ್ದ ಬಗೆ. ಕಚೇರಿ ರಾಜಕೀಯ ಬಲ್ಲವರಿಗೆ ಪ್ರತಿ ಹೆಜ್ಜೆಯೂ ಗುರುತು ಸಿಗುತ್ತದೆ. ದಕ್ಷಿಣ ಇಟಲಿಯ ಕಂಪೇನಿಯಾದಲ್ಲಿ ಬರ ಬಿದ್ದಾಗ ರೈತರಿಂದ ಕಡ್ಡಾಯವಾಗಿ ಧಾನ್ಯ ಕೊಳ್ಳುವ ಆಜ್ಞೆ ಹೊರಟಿತು. ಬೊಯೆಥಿಯಸ್ ಹಿರಿಯ ಅಧಿಕಾರಿಯ ಎದುರು ನಿಂತು, ದೊರೆಯ ಮುಂದೆ ವಾದಿಸಿ ಅದನ್ನು ನಿಲ್ಲಿಸಿದ. ಬಡವರ ಆಸ್ತಿಗೆ ಬಾಯಿ ಹಾಕಿದ ಅರಮನೆಯವರಿಗೂ ಅಡ್ಡ ನಿಂತ. ಹೀಗೆ ಬೇಕಾದಷ್ಟು ಹಗೆ ಕೂಡಿಬಿದ್ದ ಮೇಲೆ, ಆಲ್ಬೀನಸ್ ಎಂಬ ಸೆನೆಟರ್ ಕಾನ್‌ಸ್ಟಾಂಟಿನೋಪಲ್ಲಿನ ಪೂರ್ವ ರೋಮಿನ ಚಕ್ರವರ್ತಿಗೆ ಗುಟ್ಟಾಗಿ ಪತ್ರ ಬರೆದಿದ್ದಾನೆಂದು ಅರಮನೆಯ ಅಧಿಕಾರಿ ಸಿಪ್ರಿಯಾನಸ್ ದೂರು ಕೊಟ್ಟ. ವೆರೋನಾದಲ್ಲಿ ದೊರೆಯ ಎದುರಿಗೇ ಬೊಯೆಥಿಯಸ್ ಎದ್ದು ನಿಂತು, ದೂರು ಸುಳ್ಳು, ಆಲ್ಬೀನಸ್ ಮಾಡಿದ್ದರೆ ನಾನೂ ಮಾಡಿದ್ದೇನೆ, ಇಡೀ ಸೆನೆಟ್ ಮಾಡಿದೆ ಎಂದ. ಕಾಪಾಡಲು ಆಡಿದ ಮಾತು ತಪ್ಪೊಪ್ಪಿಗೆಯಂತೆ ಕೇಳಿಸಿತು. ಸಿಪ್ರಿಯಾನಸ್ ಅದೇ ದೂರಿನಲ್ಲಿ ಇವನನ್ನೂ ಸೇರಿಸಿದ.

ಸಾಕ್ಷಿಗಳು ಯಾರು? ಒಬ್ಬ ಬೆಸಿಲಿಯಸ್, ಕೆಲಸ ಕಳೆದುಕೊಂಡು ಸಾಲದಲ್ಲಿ ಮುಳುಗಿದ್ದವನು. ಇನ್ನಿಬ್ಬರು ಒಪಿಲಿಯೊ ಮತ್ತು ಗೌಡೆನ್ಶಿಯಸ್, ಮೋಸಕ್ಕಾಗಿ ಗಡಿಪಾರು ಆಜ್ಞೆ ಆದವರು. ಇವರು ಹೋಗದೆ ಚರ್ಚಿನಲ್ಲಿ ಅಡಗಿದ್ದರು. ಇಂಥ ದಿನದೊಳಗೆ ರವೆನ್ನಾ ಬಿಡದಿದ್ದರೆ ಹಣೆಗೆ ಬರೆ ಎಳೆಯಿರಿ ಎಂದು ದೊರೆಯೇ ಹೇಳಿದ್ದ. ಆ ದಿನವೇ ಇವರು ಬೊಯೆಥಿಯಸ್ ಮೇಲೆ ಹೇಳಿಕೆ ಕೊಟ್ಟರು, ಹೇಳಿಕೆ ಸ್ವೀಕಾರವಾಯಿತು. ರೋಮಿನ ಸ್ವಾತಂತ್ರ್ಯ ಬಯಸಿ ಬರೆದನೆಂದು ಖೋಟಾ ಪತ್ರಗಳೂ ಹಾಜರಾದವು. ತತ್ತ್ವಶಾಸ್ತ್ರ ಓದುವವನಾದ್ದರಿಂದ ಮಾಟಮಂತ್ರದ ಆರೋಪವೂ ಸುಲಭಕ್ಕೆ ಅಂಟಿತು. ಯಾವ ಸೆನೆಟ್ಟಿಗಾಗಿ ಬಾಯಿ ತೆರೆದನೋ ಅದೇ ಸೆನೆಟ್, ಅವನು ಸುಮಾರು ಐನೂರು ಮೈಲಿ ದೂರದಲ್ಲಿದ್ದಾಗ, ಅವನ ಮಾತು ಕೇಳದೆ ಶಿಕ್ಷೆಗೆ ಕೈಯೆತ್ತಿತು. ಪಾವಿಯಾ ಪ್ರದೇಶದಲ್ಲಿ ಸೆರೆ. 524ರ ಸುಮಾರಿಗೆ ಕೊಂದರು. ಹಣೆಗೆ ಹಗ್ಗ ಬಿಗಿದು ಹಿಂಡಿ, ಆಮೇಲೆ ದೊಣ್ಣೆಯಿಂದ ಬಡಿದರು ಎನ್ನುತ್ತದೆ ಒಂದು ಹಳೆಯ ವೃತ್ತಾಂತ. ಮುಂದೆ ಮಾವ ಸಿಮ್ಮಾಕಸನನ್ನೂ ಬಿಡಲಿಲ್ಲ. 526ರ ಆಗಸ್ಟ್ 30ರಂದು ದೊರೆಯೂ ಸತ್ತ.

ಸೆರೆಯಲ್ಲಿ ಬರೆದದ್ದು ‘ತತ್ತ್ವಜ್ಞಾನದ ಸಾಂತ್ವನ’. ನಮ್ಮವರಿಗೆ ಇದರ ಆಕಾರ ವಿವರಿಸುವುದು ಸುಲಭ: ಚಂಪೂ. ಐದು ಭಾಗ, 39 ಪದ್ಯ, 39 ಗದ್ಯ, ಒಂದಾದ ಮೇಲೊಂದು. ಪದ್ಯದಿಂದ ತೊಡಗಿ ಗದ್ಯದಲ್ಲಿ ನಿಲ್ಲುತ್ತದೆ. ಪಂಪ ತನ್ನ ಚಂಪೂವಿನಲ್ಲಿ ಒಡೆಯ ಅರಿಕೇಸರಿಯನ್ನೇ ಅರ್ಜುನನನ್ನಾಗಿ ನಿಲ್ಲಿಸಿದ. ಇಲ್ಲಿ ಒಡೆಯನೇ ಸೆರೆಗೆ ಹಾಕಿದ್ದಾನೆ, ಹೊಗಳಲು ಯಾರೂ ಇಲ್ಲ. ತತ್ತ್ವವಿದ್ಯೆ ಹೆಂಗಸಿನ ರೂಪದಲ್ಲಿ ಬರುತ್ತಾಳೆ, ಸೀರೆ ಹರಿದಿದೆ, ಸಿಕ್ಕಿದ ತುಂಡು ಹರಿದುಕೊಂಡು ಹೋದ ಪಂಡಿತರ ಕೆಲಸ ಅದು. ಹಾಸಿಗೆಯ ಬಳಿ ಅಳುತ್ತಿದ್ದ ಕಾವ್ಯಕನ್ಯೆಯರನ್ನು ಮೊದಲು ಗದರಿಸಿ ಓಡಿಸುತ್ತಾಳೆ. ಆಮೇಲೆ ವೈದ್ಯರಂತೆ ಪ್ರಶ್ನೆ. ಜಗತ್ತು ಆಕಸ್ಮಿಕವೋ, ನಿಯಮವಿದೆಯೋ? ನಿಯಮವಿದೆ ಎನ್ನುತ್ತಾನೆ. ಎಲ್ಲದರ ಗುರಿ ಏನು? ಕೇಳಿದ್ದೆ, ಮರೆತಿದೆ. ನೀನು ಯಾರು? ಬುದ್ಧಿಯಿರುವ, ಸಾಯುವ ಪ್ರಾಣಿ. ಇನ್ನೇನೂ ಅಲ್ಲವೋ? ಇಲ್ಲ. ರೋಗದ ಮೂಲ ಸಿಕ್ಕಿತು, ನೀನು ಯಾರೆಂಬುದೇ ನಿನಗೆ ಮರೆತಿದೆ ಎನ್ನುತ್ತಾಳೆ.

ಮದ್ದು ಹಂತಹಂತವಾಗಿ ಬರುತ್ತದೆ. ಎರಡನೇ ಭಾಗದಲ್ಲಿ ಅದೃಷ್ಟದೇವತೆಯ ಚಕ್ರ, ತಿರುಗುವುದೇ ಅದರ ಸ್ವಭಾವವೆಂದ ಮೇಲೆ ಮೋಸ ಹೋದೆನೆಂದು ದೂರುವುದೆಂತು. ಮೂರನೆಯದರಲ್ಲಿ ಹಣ, ಹುದ್ದೆ, ಅರಸೊತ್ತಿಗೆ, ಕೀರ್ತಿ, ಸುಖ ಒಂದೊಂದನ್ನೇ ಹಿಡಿದು ಟೊಳ್ಳೆಂದು ತೋರಿಸುತ್ತಾಳೆ. ಹುದ್ದೆಯ ಮಾತು ನಮ್ಮ ವಿಧಾನಸೌಧದ ಪಡಸಾಲೆಗೂ ಸಲ್ಲುತ್ತದೆ: ಕೆಟ್ಟವನಿಗೆ ಹುದ್ದೆ ಕೊಟ್ಟರೆ ಅವನು ಒಳ್ಳೆಯವನಾಗುವುದಿಲ್ಲ, ಅವನ ಕೆಟ್ಟತನ ನಾಲ್ಕು ಜನಕ್ಕೆ ಕಾಣುತ್ತದೆ. ಐದನೆಯದರ ಗಂಟು ಬಿಗಿ. ಮುಂದಾಗುವುದೆಲ್ಲ ದೇವರಿಗೆ ಗೊತ್ತಿದ್ದರೆ ನನ್ನ ಆಯ್ಕೆಗೆ ಬೆಲೆಯೇನು? ಮನುಷ್ಯ ನಡೆಯುವುದನ್ನೂ ಸೂರ್ಯ ಏಳುವುದನ್ನೂ ನೀನು ಒಟ್ಟಿಗೆ ನೋಡಬಲ್ಲೆ, ನೋಡಿದ ಮಾತ್ರಕ್ಕೆ ನಡಿಗೆ ಕಡ್ಡಾಯವಾಗಲಿಲ್ಲ, ದೇವರಿಗೆ ಎಲ್ಲ ಕಾಲವೂ ಹಾಗೆ ಈಗಲೇ ಕಾಣುತ್ತದೆ ಎನ್ನುವುದು ಅವಳ ಉತ್ತರ. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ತಂದೆ, ಮಗ, ಪವಿತ್ರಾತ್ಮ ಒಂದೇ ದೇವರೆಂಬ ತ್ರಿತ್ವದ ಬಗ್ಗೆ ಬೇರೆಡೆ ಪ್ರಬಂಧ ಬರೆದ ಈ ಕ್ರೈಸ್ತ, ಸಾವಿನ ಮುಂದೆ ಬರೆದದ್ದರಲ್ಲಿ ಕ್ರಿಸ್ತನ ಹೆಸರನ್ನೇ ಎತ್ತುವುದಿಲ್ಲ. ಅದಕ್ಕೂ ವಿದ್ವಾಂಸರು ಇಂದಿಗೂ ಕಿತ್ತಾಡುತ್ತಾರೆ.

ಅರಸು ಕೊಂದವನನ್ನು ಆಮೇಲೆ ಅರಸರೇ ಅನುವಾದಿಸಿದರು. ಹಳೆ ಇಂಗ್ಲಿಷ್ ಅನುವಾದಕ್ಕೆ ದೊರೆ ಆಲ್ಫ್ರೆಡ್‌ನ ಹೆಸರಿದೆ, ಇಂಗ್ಲಿಷ್ ಕವಿ ಚಾಸರ್ ಇನ್ನೊಂದು ಮಾಡಿದ, 1593ರಲ್ಲಿ ರಾಣಿ ಎಲಿಜಬೆತ್ ತಾನೇ ಕೂತು ಮಾಡಿದಳು. ನಮ್ಮಲ್ಲಿ ಇವನಿಗೆ ಹತ್ತಿರದವರೆಂದರೆ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು. ಅರಮನೆಯ ಲೆಕ್ಕ ನೋಡುತ್ತಲೇ ಅರಮನೆಗಿಂತ ದೊಡ್ಡದೊಂದರ ಲೆಕ್ಕ ಹಿಡಿದವರು. ಅವರಿಗೆ ನಾವು ಮಾಡಿದ್ದೇನು? ಹೊರನಾಡಿಗೆ ಬಂದ ಮೇಲೂ ಅಭ್ಯಾಸ ಬಿಡಲಿಲ್ಲ, 2015ರಲ್ಲಿ ಲಂಡನ್ನಿನ ಥೇಮ್ಸ್ ದಡದಲ್ಲಿ ಪುತ್ಥಳಿ ನಿಂತಿತು. ಪುತ್ಥಳಿಯ ಗತಿಗೆ ಬೊಯೆಥಿಯಸನ ಮನೆಯಲ್ಲೇ ಉದಾಹರಣೆಯಿದೆ. 546ರಲ್ಲಿ ಗಾಥರು ರೋಮ್ ಹಿಡಿದಾಗ, ಇದ್ದದ್ದನ್ನೆಲ್ಲ ಹಸಿದವರಿಗೆ ಕೊಟ್ಟು ತಾನೇ ಮನೆಮನೆಗೆ ರೊಟ್ಟಿ ಬೇಡುತ್ತಿದ್ದ ಮುದುಕಿ ರಸ್ಟಿಷಿಯಾನಾಳನ್ನು ಕೊಲ್ಲಲು ಹೊರಟರು. ದುಡ್ಡು ಕೊಟ್ಟು ಥಿಯೊಡೊರಿಕನ ಪುತ್ಥಳಿಗಳನ್ನು ಕೆಡವಿಸಿದಳೆಂಬುದು ಆರೋಪ. ದೊರೆ ಟೋಟಿಲಾ ಅಡ್ಡಬಂದು ಉಳಿಸಿದ.

ಇಷ್ಟು ಹೇಳಿದ ಮೇಲೆ ಇಲ್ಲಿನವರ ಬಣ್ಣವನ್ನೂ ಹೇಳಬೇಕು. ಕೊಲ್ಲಿಸಿದ ಥಿಯೊಡೊರಿಕನಿಗೆ ರವೆನ್ನಾದಲ್ಲಿ ಹತ್ತು ಮೀಟರಿಗೂ ಅಗಲವಾದ ಒಂದೇ ಕಲ್ಲಿನ ಛಾವಣಿಯ ಗೋರಿಯಿದೆ, ಖಾಲಿ ಗೋರಿ, ಜನ ಅಲ್ಲಿಗೇ ಹೆಚ್ಚು. ಪಾವಿಯಾದ ಚರ್ಚನ್ನು ಒಂದು ಕಾಲಕ್ಕೆ ಮುಚ್ಚಿ ಸೈನ್ಯದ ಉಗ್ರಾಣ ಮಾಡಿದ್ದರು, ಛಾವಣಿ ಕುಸಿದ ಮೇಲೆ 19ನೇ ಶತಮಾನದ ಕೊನೆಗೆ ದುರಸ್ತಿಯಾಯಿತು. ಇಂದಿನ ಹುಡುಗರಿಗೆ ಈ ಹೆಸರು ಗೊತ್ತಾಗುವುದು ಇಟಲಿಯ ಮಹಾಕವಿ ದಾಂತೆ ತನ್ನ ಕಾವ್ಯದಲ್ಲಿ ಅವನನ್ನು ಸೂರ್ಯನ ಸ್ವರ್ಗದಲ್ಲಿ ಕೂರಿಸಿದ ಕಡೆ ಬರುವ ಅಡಿಟಿಪ್ಪಣಿಯಿಂದ. ಬೀದಿಯಲ್ಲಿ ಯಾರನ್ನಾದರೂ ನಿಲ್ಲಿಸಿ ಒಂದು ಪದ್ಯ ಹೇಳಿ ಎಂದರೆ ಭುಜ ಕುಣಿಸುತ್ತಾರೆ. ನಮ್ಮಲ್ಲಿ ಅಕ್ಷರ ಬಾರದ ಅಜ್ಜಿಯ ಬಾಯಲ್ಲೂ ಒಂದೆರಡು ವಚನ ಇದ್ದೇ ಇರುತ್ತದೆ. ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ.

ಮೇಜಿನ ಕೆಲಸ ಮಾಡಿದವರು ನಮ್ಮಲ್ಲೂ ಇದ್ದಾರೆ ಅನ್ನುವುದನ್ನೂ ಒಪ್ಪಲೇಬೇಕು. ಫ.ಗು. ಹಳಕಟ್ಟಿಯವರು ವಕೀಲಿ ಬಿಟ್ಟು ಊರೂರು ಅಲೆದು ತಾಳೆಗರಿ ಕೂಡಿಸಿ, ಮನೆ ಮಾರಿ ವಚನಗಳನ್ನು ಅಚ್ಚು ಹಾಕಿಸಿದರು. ಬೊಯೆಥಿಯಸನ ಸಂಕಲ್ಪದಲ್ಲಿ ಪ್ಲೇಟೊನ ಒಂದು ಸಂವಾದವೂ ನಮ್ಮ ಕೈಗೆ ಬರಲಿಲ್ಲ, ಹಳಕಟ್ಟಿಯವರು ಹಿಡಿದದ್ದನ್ನು ದಡ ಮುಟ್ಟಿಸಿದರು. ಜುಲೈ 2ಕ್ಕೆ ಅವರ ಹೆಸರಿನಲ್ಲಿ ಸರಕಾರವೇ ದಿನಾಚರಣೆ ಮಾಡುತ್ತದೆ. ಅಲ್ಲೂ ಫೋಟೊ ಇದೆ, ಹಾರ ಇದೆ, ಭಾಷಣ ಇದೆ. ಇರಲಿ ಬಿಡಿ.