ಮಂಗಳದಲ್ಲಿ ಬಾವಿ ತೋಡುವ ಮೊದಲು

ಮಂಗಳದಲ್ಲಿ ಊರು ಕಟ್ಟುವ ಮಾತು ಬಂದಾಗಲೆಲ್ಲ ಚರ್ಚೆ ರಾಕೆಟ್ಟು, ಖರ್ಚು, ವಿಕಿರಣದ ಸುತ್ತಲೇ ಗಿರಕಿ ಹೊಡೆಯುತ್ತದೆ. ನನ್ನ ತಕರಾರು ನೀರಿನದು.

ಊರು ಅಂದಮೇಲೆ ನೀರು ಬೇಕು. ಮಂಗಳದ ಗಾಳಿಯ ಒತ್ತಡ ನಮ್ಮಲ್ಲಿಯ ನೂರರಲ್ಲೊಂದು ಪಾಲೂ ಇಲ್ಲ, ನೆಲದ ಮೇಲೆ ನೀರು ನಿಲ್ಲುವುದಿಲ್ಲ. ಇರುವುದು ಮಣ್ಣಿನಡಿಯ ಮಂಜುಗಡ್ಡೆ. 2008ರಲ್ಲಿ ಫೀನಿಕ್ಸ್ ಲ್ಯಾಂಡರ್ ಕೆಲವೇ ಸೆಂಟಿಮೀಟರ್ ಕೆರೆದಾಗ ಬಿಳಿ ಚೂರುಗಳು ಕಂಡವು, ನಾಲ್ಕು ದಿನದಲ್ಲಿ ಆವಿಯಾಗಿ ಮಾಯವಾದವು. ನೆಲೆಸಲು ಹೋಗುವವರು ಇಂಥ ಜಾಗವನ್ನೇ ಹುಡುಕಿಕೊಂಡು ಇಳಿಯುತ್ತಾರೆ. ಜೀವ ಇನ್ನೂ ಉಳಿದಿದ್ದರೆ ಅದನ್ನು ಹುಡುಕಬೇಕಾದದ್ದೂ ಇಂಥ ಕಡೆಯೇ. ಎಲ್ಲ ತೊಡಕೂ ಇಲ್ಲಿದೆ.

ಗಡ್ಡೆಯಿಂದ ನೀರು ತೆಗೆಯುವ ವಿಧಾನ ಹೊಸದೇನಲ್ಲ. ಕೊಳವೆ ಇಳಿಸಿ ಬಿಸಿ ಕೊಟ್ಟು, ಆಳದಲ್ಲಿ ಕರಗಿದ ನೀರಿನ ಹೊಂಡ ಮಾಡಿಕೊಳ್ಳುತ್ತಾರೆ. ಪಂಪಿನಿಂದ ಎತ್ತಿದ ನೀರಿನಲ್ಲಿ ಒಂದು ಪಾಲನ್ನು ಕಾಯಿಸಿ ಮತ್ತೆ ಹೊಂಡಕ್ಕೇ ಬಿಡುತ್ತಾರೆ. ದಕ್ಷಿಣ ಧ್ರುವದಲ್ಲಿರುವ ಅಮೆರಿಕದ ನೆಲೆಗೆ ನೀರು ಸಿಗುವುದು ಹೀಗೆಯೇ. ಬಿಸಿ ನಿಂತರೆ ಹೊಂಡ ಹೆಪ್ಪುಗಟ್ಟಿ ಬಾವಿ ಕೈತಪ್ಪುತ್ತದೆ, ಆದ್ದರಿಂದ ವರ್ಷಗಟ್ಟಲೆ ಕಾಯಿಸುತ್ತಲೇ ಇರಬೇಕು. ಈಗ ಇದನ್ನು ಮಂಗಳದಲ್ಲಿ ಊಹಿಸಿಕೊಳ್ಳಿ: ಕತ್ತಲು, ದ್ರವರೂಪದ ನೀರು, ಸೂಕ್ಷ್ಮಾಣುಗಳನ್ನು ಕೊಲ್ಲುವ ನೇರಳಾತೀತ ಕಿರಣ ತಲುಪದ ಆಳ, ಜೊತೆಗೆ ಮನುಷ್ಯರ ಮನೆಯ ಪೈಪಿನಿಂದ ವಾಪಸು ಬರುವ ಬಿಸಿನೀರು. ನಮ್ಮ ಬ್ಯಾಕ್ಟೀರಿಯಾಗಳಿಗೆ ಇದಕ್ಕಿಂತ ಒಳ್ಳೆಯ ಆಶ್ರಯ ಆ ಗ್ರಹದಲ್ಲಿ ಬೇರೆ ಸಿಗಲಾರದು.

ಯಂತ್ರಗಳ ವಿಷಯದಲ್ಲಿ ನಾವು ಎಷ್ಟು ಕಟ್ಟುನಿಟ್ಟು ನೋಡಿ. ಮಂಗಳಕ್ಕಿಳಿಯುವ ಸಾಮಾನ್ಯ ನೌಕೆಯ ಮೇಲೆ 3 ಲಕ್ಷಕ್ಕಿಂತ ಹೆಚ್ಚು ಸ್ಪೋರ್ (ಕೆಲವು ಬ್ಯಾಕ್ಟೀರಿಯಾಗಳು ತಾಳುವ, ಬಿಸಿಗೂ ಸುಲಭಕ್ಕೆ ಸಾಯದ ಗಟ್ಟಿ ರೂಪ) ಇರಬಾರದು, ಚದರ ಮೀಟರಿಗೆ ಸರಾಸರಿ 300. ಕ್ಲೀನ್ ರೂಮಿನಲ್ಲಿ ನೌಕೆಯ ಮೈಯನ್ನು ಹತ್ತಿಕಡ್ಡಿಯಿಂದ ಒರೆಸಿ, ಆ ದ್ರಾವಣವನ್ನು 80 ಡಿಗ್ರಿಯಲ್ಲಿ 15 ನಿಮಿಷ ಇಟ್ಟು (ಸ್ಪೋರ್ ಬಿಟ್ಟು ಉಳಿದವು ಬಹುಪಾಲು ಸಾಯಲಿ ಎಂದು), ತಟ್ಟೆಯಲ್ಲಿ ಬೆಳೆಸಿ, ಮೂರು ದಿನ ಕಾದು ಎಣಿಸುತ್ತಾರೆ. 1976ರಲ್ಲಿ ಇಳಿದ ವೈಕಿಂಗ್ ಲ್ಯಾಂಡರ್‌ಗಳನ್ನಂತೂ ಇಡಿಯಾಗಿ ಸುಮಾರು 112 ಡಿಗ್ರಿ ಒಣ ಶಾಖದಲ್ಲಿ 30 ಗಂಟೆ ಬೇಯಿಸಿದ್ದರು. ಇಷ್ಟಾದರೂ ತಪ್ಪುತ್ತದೆ. ಕ್ಯೂರಿಯಾಸಿಟಿ ರೋವರ್ ಹೊರಡುವ ಮೊದಲು, ಶುದ್ಧೀಕರಿಸಿ ಮುಚ್ಚಿಟ್ಟಿದ್ದ ಡ್ರಿಲ್ ಮೊನೆಗಳ ಪೆಟ್ಟಿಗೆ ತೆರೆದು ಒಂದನ್ನು ಡ್ರಿಲ್ಲಿಗೆ ಜೋಡಿಸಿಬಿಟ್ಟರು. ಇಳಿಯುವಾಗ ಪೆಟ್ಟುಬಿದ್ದರೂ ಒಂದಾದರೂ ಕೈಯಲ್ಲಿರಲಿ ಎಂಬ ಲೆಕ್ಕಾಚಾರ ಅದು. ಆ ಒಂದು ಕೆಲಸದಿಂದ ರೋವರ್‌ನ ಶುದ್ಧತೆಯ ವರ್ಗವನ್ನೇ ಬದಲಿಸಬೇಕಾಯಿತು.

ಮನುಷ್ಯನನ್ನು ಹಾಗೆ ಬೇಯಿಸಲಾಗದು. ಒಬ್ಬೊಬ್ಬರ ಮೈಯಲ್ಲೂ ಅಂದಾಜು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ. ಸೂಟಿನ ಕೀಲುಗಳಿಂದ ಗಾಳಿ ಸೋರುತ್ತದೆ, ಏರ್‌ಲಾಕ್ ತೆರೆದಾಗಲೆಲ್ಲ ಒಳಗಿನದು ಒಂದಿಷ್ಟು ಹೊರಗೆ ಹೋಗುತ್ತದೆ.

ಉಲ್ಕೆಗಳ ಮೂಲಕ ಎರಡು ಗ್ರಹಗಳ ಕಲ್ಲು ಹೇಗೂ ಅದಲುಬದಲಾಗಿದೆ, ಈಗೇನು ಮಡಿ ಎನ್ನುವವರಿದ್ದಾರೆ. ಮಂಗಳದ ಕಲ್ಲು ಇಲ್ಲಿ ಸಿಕ್ಕಿರುವುದು ನಿಜ. ಆದರೆ ಆ ವಾದ ನನ್ನ ಆತಂಕವನ್ನು ಹೆಚ್ಚಿಸುತ್ತದೆ. ಅಲ್ಲಿನ ಜೀವ ನಮ್ಮದರ ದೂರದ ನೆಂಟನೇ ಆಗಿದ್ದರೆ, ಇವತ್ತು ನಾವು ಚೆಲ್ಲಿದ್ದು ಯಾವುದು, ಕೋಟ್ಯಂತರ ವರ್ಷಗಳಿಂದ ಅಲ್ಲೇ ಇದ್ದದ್ದು ಯಾವುದು ಎಂದು ಬೇರ್ಪಡಿಸುವುದು ಇನ್ನಷ್ಟು ಕಷ್ಟ. ರೋಬೋಟುಗಳು ನಿಧಾನ ಎಂಬುದನ್ನು ಒಪ್ಪುತ್ತೇನೆ. ಆಪರ್ಚುನಿಟಿ ರೋವರ್ 14 ವರ್ಷದಲ್ಲಿ ಸಾಗಿದ್ದು 45 ಕಿಲೋಮೀಟರ್. ಆದರೆ ಮಲಿನವಾದದ್ದನ್ನು ಮತ್ತೆ ಶುದ್ಧ ಮಾಡುವ ದಾರಿ ಯಾರಲ್ಲೂ ಇಲ್ಲ.

ಆದ್ದರಿಂದ ಮನುಷ್ಯರು ಇಳಿಯುವ ಮೊದಲೇ, ವೈಕಿಂಗ್‌ನಂತೆ ಬೇಯಿಸಿದ ಯಂತ್ರವೊಂದು ಅದೇ ಜಾಗದ ಗಡ್ಡೆಯನ್ನು ಕೊರೆದು ಪರೀಕ್ಷಿಸಲಿ. ಜೀವ ಸಿಕ್ಕಿದರೆ ಅಲ್ಲಿ ಊರು ಬೇಡ, ಇದರಲ್ಲಿ ನನಗೆ ಎರಡು ಮಾತಿಲ್ಲ. ಹೋಗುವವರ ಮೈಯ, ಮನೆಯ ಸೂಕ್ಷ್ಮಾಣುಗಳ ಡಿಎನ್ಎ ಪಟ್ಟಿ ಹೊರಡುವ ಮುನ್ನವೇ ಸಿದ್ಧವಿರಲಿ, ಮುಂದೆ ಸಿಕ್ಕಿದ್ದನ್ನು ಅದರೊಂದಿಗೆ ಹೋಲಿಸಬಹುದು. ಖಾಸಗಿ ಕಂಪನಿ ಹೋದರೂ ಅನುಮತಿ ಮತ್ತು ನಿಗಾ ಸರ್ಕಾರದ್ದೇ ಎಂದು 1967ರ ಬಾಹ್ಯಾಕಾಶ ಒಪ್ಪಂದದ 6ನೇ ವಿಧಿ ಹೇಳುತ್ತದೆ. ಹಾನಿಕರ ಮಾಲಿನ್ಯ ತಪ್ಪಿಸಬೇಕೆಂದು 9ನೇ ವಿಧಿ. ಬಾವಿಯ ನಕ್ಷೆಗೆ ಸಹಿ ಬೀಳುವುದು ಈ ಎರಡನ್ನೂ ಓದಿದ ಮೇಲೆಯೇ ಆಗಲಿ. ನಕ್ಷೆಯಲ್ಲಿ ನೀರನ್ನು ವಾಪಸು ಬಿಡುವ ಕೊಳವೆ ಇರಲೇಬಾರದು. ಬಿಸಿಯನ್ನು ಮುಚ್ಚಿದ ವಿದ್ಯುತ್ ಹೀಟರಿನಿಂದ ಕೊಡಲಿ, ಹೊಂಡ ನಿಧಾನವಾಗಿ ಬೆಳೆದರೂ ಚಿಂತೆಯಿಲ್ಲ.