ಇನ್ನೊಂಚೂರು ಹಿಂದೆ ಹೋಗಿ

ಗೃಹಪ್ರವೇಶ ಮುಗಿದ ರಾತ್ರಿಯೇ ಫ್ಯಾಮಿಲಿ ಗ್ರೂಪಿಗೆ 63 ಫೋಟೋ ದಬದಬ ಬಂದು ಬೀಳುತ್ತವೆ. ಅರ್ಧದಲ್ಲಿ ಎಲ್ಲರೂ ಕಣ್ಣು ಮುಚ್ಚಿದ್ದಾರೆ. ಇನ್ನರ್ಧದಲ್ಲಿ ಮುಖಗಳು ಮಸಿ, ಹಿಂದಿನ ಕಿಟಕಿ ಮಾತ್ರ ಫಳಫಳ. ಎಲ್ಲದರ ಮೇಲೂ ಕೊಡಚಾದ್ರಿಯ ಮಂಜು. ಕಾರ್ಯಕ್ರಮ ನಡೆದದ್ದು ಮಾತ್ರ ಮಂಡ್ಯದ ಮಟಮಟ ಮಧ್ಯಾಹ್ನ!

ಆ ಮಂಜು ಹೋಳಿಗೆ ತುಪ್ಪದ್ದು. ಎಲೆ ಪಕ್ಕ ಫೋನನ್ನು ಅಂಗಾತ ಮಲಗಿಸಿ ಉಂಡು, ಕೈಯನ್ನು ಅರೆಬರೆ ತೊಳೆದು ಎತ್ತಿಕೊಂಡರೆ ಬೆರಳು ಹೋಗಿ ಕೂರುವುದೇ ಲೆನ್ಸಿನ ಮೇಲೆ. ಜಿಡ್ಡಿಗೆ ತಾಗಿದ ಬೆಳಕು ಚೆದುರಿ ಚಿತ್ರ ಮಬ್ಬಾಗುತ್ತದೆ, ಪ್ರತಿ ದೀಪಕ್ಕೂ ಬಾಲ ಮೊಳೆಯುತ್ತದೆ. ಮೆತ್ತಗಿನ ಹತ್ತಿ ಬಟ್ಟೆಯಿಂದ ಎರಡು ಸಲ ಒರೆಸಿದರೆ ಮುಗಿಯಿತು. ಪಂಚೆಯ ಚುಂಗಾದರೂ ಆದೀತು, ಜರಿ ಅಂಚು ಬೇಡ. ಲಕ್ಷ ರೂಪಾಯಿಯ ಫೋನಿಗೂ ಈ ಸೇವೆ ತಪ್ಪಿದ್ದಲ್ಲ.

ಒರೆಸಿದರೂ ಫೋನ್ ಹಿಡಿಯುವವರು ಚಿಕ್ಕಪ್ಪನೇ ತಾನೆ? ಪ್ರತಿ ಮನೆಯಲ್ಲೂ ಒಬ್ಬ ಫೋಟೋ ಚಿಕ್ಕಪ್ಪ ಇರುತ್ತಾರೆ. ಕನ್ನಡಕ ಹಣೆಗೇರಿಸಿ, ಎರಡೂ ಕೈ ಮುಂದೆ ಚಾಚಿ, ಆರತಿ ತಟ್ಟೆ ಹಿಡಿದಂತೆ ಫೋನ್ ಹಿಡಿದು, "ಇನ್ನೊಂಚೂರು ಹಿಂದೆ ಹೋಗಿ" ಅನ್ನುತ್ತಾರೆ. ತಾವು ಮಾತ್ರ ನೆಟ್ಟ ಕಂಬ. 22 ಜನ ಹಿಂದೆ ಸರಿಯುತ್ತಾರೆ. ಬಾಳೆಕಂಬ ಬಾಗುತ್ತದೆ. "ಇನ್ನೊಂಚೂರು." ಚಪ್ಪಲಿ ರಾಶಿ ಕಾಲಿಗೆ ತೊಡರುತ್ತದೆ. "ಇನ್ನೊಂದೇ ಒಂಚೂರು." ದೊಡ್ಡಮ್ಮ ಸಂಪಿನ ಮುಚ್ಚಳ ಏರಿದ್ದಾರೆ, ಅದು ಲೊಡಕ್ ಅನ್ನುತ್ತದೆ. ಅಲ್ಲಿಂದಾಚೆ ಕಾಂಪೌಂಡು. ಆಗ ಯಾರೋ ಹುಡುಗ "0.5 ಒತ್ತಿ ಅಂಕಲ್" ಎಂದು ಉಪಕಾರ ಮಾಡುತ್ತಾನೆ.

ಒತ್ತಿದ ಕೂಡಲೇ ಎಲ್ಲರೂ ಒಳಗೆ ಬಂದರು ನಿಜ. ಆದರೆ ಆ ಅಗಲದ ಲೆನ್ಸು ಅಂಚಿನಲ್ಲಿ ನಿಂತವರನ್ನು ರೊಟ್ಟಿ ತಟ್ಟಿದಂತೆ ಎಳೆದುಬಿಡುತ್ತದೆ. ಕಡ್ಡಿಯಂಥ ಅತ್ತಿಗೆ ಕೊಳಗವಾಗಿ, ವರ್ಷವಿಡೀ ಮುನಿಸು. 1ಎಕ್ಸ್‌ನಲ್ಲೇ ಇಟ್ಟು ಚಿಕ್ಕಪ್ಪ ನಾಲ್ಕು ಹೆಜ್ಜೆ ಹಿಂದೆ ನಡೆದು, ಕುಳ್ಳಗಿನವರನ್ನು ಮುಂದೆ ಕೂರಿಸಿದ್ದರೆ ಸಂಪಿಗೂ ಅತ್ತಿಗೆಗೂ ಕ್ಷೇಮವಿತ್ತು. ಇದೇ ಚಿಕ್ಕಪ್ಪ ಕಲ್ಯಾಣಮಂಟಪದ ಕೊನೇ ಸಾಲಿನಿಂದ ಎರಡು ಬೆರಳಲ್ಲಿ ಹಿಗ್ಗಿಸಿ ಧಾರೆ ತೆಗೆಯುವವರೂ ಹೌದು. ದೂರದ ಲೆನ್ಸ್ ಇಲ್ಲದ ಫೋನಿನಲ್ಲಿ ಹಾಗೆ ಹಿಗ್ಗಿಸುವುದೆಂದರೆ ಇದ್ದ ಚಿತ್ರವನ್ನೇ ಕತ್ತರಿಸಿ ದೊಡ್ಡದು ಮಾಡುವುದು. ಮದುಮಗಳ ಮುಖ ಅರೆದ ಚಟ್ನಿ. ಇನ್ನು ಫ್ಲ್ಯಾಶ್! ಅದರ ಬೆಳಕು ಎರಡು ಮೀಟರ್ ದಾಟಿದರೆ ಹೆಚ್ಚು. ಅಷ್ಟರೊಳಗೆ ಇರುವುದು ಮುಂದೆ ಕೂತವರ ಬೋಳುತಲೆಯೊಂದೇ.

ಮಸಿ ಮುಖದ ಕಥೆ ಸುಲಭ. ಹಿಂದಿನಿಂದ ಜೋರು ಬೆಳಕು ಬಂದರೆ ಕ್ಯಾಮೆರಾ ಹೆದರಿ ಒಟ್ಟು ಚಿತ್ರವನ್ನೇ ಕಪ್ಪಾಗಿಸುತ್ತದೆ. ಕಿಟಕಿಗೆ ಬೆನ್ನು ಹಾಕಬೇಕಾದವರು ಫೋಟೋ ತೆಗೆಯುವವರು, ತೆಗೆಸಿಕೊಳ್ಳುವವರಲ್ಲ. ಜಾಗ ಬದಲಿಸಲಾಗದಿದ್ದರೆ ಪರದೆಯ ಮೇಲೆ ಮುಖವನ್ನೇ ಮುಟ್ಟಿ, ಪಕ್ಕದಲ್ಲಿ ಮೂಡುವ ಪುಟ್ಟ ಸೂರ್ಯನನ್ನು ಕೊಂಚ ಮೇಲೆ ಜಾರಿಸಬೇಕು. ಚಿಕ್ಕಪ್ಪನೂ ಮುಟ್ಟುತ್ತಾರೆ, ತೋರಣದ ಚೆಂಡುಹೂವನ್ನು. ಆ ಹೂವು ಮಾತ್ರ ಪ್ರತಿ ಫೋಟೋದಲ್ಲೂ ಎಸಳೆಸಳು ಎಣಿಸುವ ಹಾಗಿರುತ್ತದೆ.

ಕಣ್ಣು ಮುಚ್ಚುವುದಕ್ಕೆ ಮದ್ದು ಅಂದರೆ ಬಿಡದೆ ನಾಲ್ಕೈದು ತೆಗೆಯುವುದು. 36ರ ರೀಲಿನ ಕಾಲದಲ್ಲಿ ಒಂದೊಂದು ಕ್ಲಿಕ್ಕಿಗೂ ಲೆಕ್ಕವಿತ್ತು, ಈಗ ಗಂಟೇನು ಹೋಗುತ್ತದೆ? ಆದರೆ ಇವರು "ಒನ್, ಟೂ, ಥ್ರೀ" ಅಂದು, ಎಲ್ಲರೂ ಉಸಿರು ಬಿಟ್ಟು, ಹಲ್ಲು ಮುಚ್ಚಿ, ಚದುರಲು ಹೊರಟ ಮೇಲೆ ಒಂದೇ ಒಂದು ಸಲ ಒತ್ತುತ್ತಾರೆ.

ಕಳಿಸುವುದರಲ್ಲೂ ಅವರದೇ ಶೈಲಿ. ವಾಟ್ಸ್ಆ್ಯಪ್ ಮಾಮೂಲಿಯಾಗಿ ಫೋಟೋವನ್ನು ಹಿಂಡಿ ಕುಗ್ಗಿಸುತ್ತದೆ. ಎಚ್‌ಡಿ ಗುಂಡಿ ಒತ್ತಿದರೆ ಪರವಾಗಿಲ್ಲ, ಡಾಕ್ಯುಮೆಂಟ್ ಎಂದು ಕಳಿಸಿದರೆ ಇದ್ದದ್ದು ಇದ್ದ ಹಾಗೇ ತಲುಪುತ್ತದೆ. ಚಿಕ್ಕಪ್ಪ ಗ್ಯಾಲರಿ ತೆರೆದು ಅದರ ಸ್ಕ್ರೀನ್‌ಶಾಟ್ ತೆಗೆದು ಕಳಿಸುತ್ತಾರೆ. ಅಜ್ಜಿಯ ತಲೆ ಮೇಲೆ ಬ್ಯಾಟರಿ 9%.

ಅಂದಹಾಗೆ ಗ್ರೂಪ್ ಫೋಟೋದ ಮೊದಲ ಪ್ರಯತ್ನ ಫೋಟೋವೇ ಅಲ್ಲ, ಗುಂಡಿ ವಿಡಿಯೊ ಮೇಲಿತ್ತು. ಅದರಲ್ಲಿ 22 ಜನ ಉಸಿರು ಬಿಗಿಹಿಡಿದು ನಿಂತಿದ್ದಾರೆ, ಹಿನ್ನೆಲೆಯಲ್ಲಿ "ಎಲ್ಲಿ ಒತ್ತೋದೋ ಇದು?" ಎಂಬ ದನಿ. ಆಮೇಲೆ ಒಬ್ಬೊಬ್ಬರೇ ಬೇಸತ್ತು ಸಡಿಲವಾಗುತ್ತಾರೆ. ಅಜ್ಜಿ ಸೆರಗು ಸರಿಮಾಡಿಕೊಂಡು ಪಕ್ಕದ ಮೊಮ್ಮಗಳ ಜಡೆಯಲ್ಲಿ ಜಾರಿದ ಮಲ್ಲಿಗೆಯನ್ನು ಸಿಕ್ಕಿಸುತ್ತಾ, "ನೀನು ಊಟ ಮಾಡಿದ್ಯೇನೇ?" ಅನ್ನುತ್ತಾರೆ. ಯಾರ ಕಣ್ಣೂ ಮುಚ್ಚಿಲ್ಲ. ಇಡೀ ದಿನದಲ್ಲಿ ಅಜ್ಜಿ ಅಜ್ಜಿಯ ಹಾಗೆ ಕಂಡದ್ದು ಆ 43 ಸೆಕೆಂಡಿನಲ್ಲಿ ಮಾತ್ರ.

ಅದನ್ನೊಂದು ಕಳಿಸಿ ಎಂದು ಕೇಳಿದರೆ, ಚಿಕ್ಕಪ್ಪ ಸ್ಟೋರೇಜ್ ಫುಲ್ ಅಂತ ತೋರಿಸಿತೆಂದು ಅಳಿಸಿಬಿಟ್ಟಿದ್ದಾರೆ. ಶುಭೋದಯದ ಗುಲಾಬಿಗಳು 4,000 ಇವೆ, ಅವನ್ನು ಬೇಕಾದರೆ ಈಗಲೇ ಕಳಿಸುತ್ತಾರಂತೆ.